ಹಾಲು ಕುಡಿದ ಮೇಲೂ ಅಳುವ ಹಸುಗೂಸು

ಸಿಕಂದರಾಬಾದಿಗೆ ಹೊಂದಿಕೊಂಡಂತೆ, ರೈಲು ಹಳಿಗಳ ಆಸುಪಾಸಿನಲ್ಲಿ ಬೆಳೆದ ಬಡಾವಣೆ ಮಲ್ಕಾಜ್‌ಗಿರಿ. ಹಿಂದೆ ಪ್ರತ್ಯೇಕ ಪುರಸಭೆಯಾಗಿದ್ದ ಈ ಪ್ರದೇಶವು 2007ರಲ್ಲಿ ಬೃಹತ್ ಹೈದರಾಬಾದ್ ಮಹಾನಗರಪಾಲಿಕೆಯಲ್ಲಿ ವಿಲೀನಗೊಂಡಿತು. ಬೀದರ್, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದುದರಿಂದ ಈ ನಗರಕ್ಕೂ ಕನ್ನಡನಾಡಿಗೂ ಇರುವ ನಂಟು ಹಳೆಯದು. ನೌಕರಿ, ವ್ಯಾಪಾರ, ಕೂಲಿ ಕೆಲಸಗಳಿಗಾಗಿ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ರೂಢಿ ಇಂದಿಗೂ ಉಳಿದಿದೆ. ಆದರೂ ಆಸ್ಪತ್ರೆಯ ಅನುಕೂಲ ನೋಡಿ ಹೆರಿಗೆಯನ್ನು ನಗರದಲ್ಲೇ ಮಾಡಿಸಿ, ಬಾಣಂತನಕ್ಕೆ ತಾಯಿಯನ್ನೋ ಅತ್ತೆಯನ್ನೋ ಊರಿನಿಂದ ಕರೆಸಿಕೊಳ್ಳುವವರೂ ಇದ್ದಾರೆ.

ಇಂತಹ ಮನೆಗಳಲ್ಲಿ ಹೆರಿಗೆಯ ನಂತರದ ಮೂರನೆಯ ಅಥವಾ ನಾಲ್ಕನೆಯ ರಾತ್ರಿ ಬಹುಮಟ್ಟಿಗೆ ಒಂದೇ ರೀತಿಯಲ್ಲಿ ಕಳೆಯುತ್ತದೆ. ಮಗು ಅರ್ಧ ಗಂಟೆ ಮೊಲೆ ಚೀಪುತ್ತದೆ, ಕಣ್ಣು ಮುಚ್ಚುತ್ತದೆ, ಹಾಸಿಗೆಯ ಮೇಲೆ ಮಲಗಿಸಿದೊಡನೆ ಮತ್ತೆ ಅಳುತ್ತದೆ. ಪುನಃ ಎದೆಗೆ ಹಚ್ಚಿದರೆ ಸುಮ್ಮನಾಗುತ್ತದೆ, ಬಿಡಿಸಿದರೆ ಬಾಯಿ ತೆರೆದು ಕೈ ಚೀಪುತ್ತದೆ. ಎರಡು ಮೂರು ಬಾರಿ ಹೀಗಾದ ಮೇಲೆ ಮನೆಯ ಹಿರಿಯರ ಬಾಯಿಂದ ‘ಹಾಲು ಸಾಲದು’ ಎಂಬ ಮಾತು ಬರುತ್ತದೆ. ಬೆಳಗಾಗುವಷ್ಟರಲ್ಲಿ ಔಷಧದ ಅಂಗಡಿಯಿಂದ ಪುಡಿಹಾಲಿನ ಡಬ್ಬಿಯೂ ಒಂದು ಬಾಟಲಿಯೂ ಮನೆ ಸೇರುತ್ತವೆ. ಬಾಟಲಿ ಹಾಲು ಕುಡಿದ ಮಗು ಮೂರು ಗಂಟೆ ನಿದ್ರಿಸುತ್ತದೆ. ಅನುಮಾನ ನಿಜವಾಯಿತೆಂದು ಎಲ್ಲರೂ ಭಾವಿಸುತ್ತಾರೆ. ತಾಯಿಯಂತೂ ತನ್ನಲ್ಲೇ ಏನೋ ಕೊರತೆಯಿದೆ ಎಂದು ನಂಬುತ್ತಾಳೆ.

ಈ ನಿರ್ಣಯ ಅನೇಕ ಸಂದರ್ಭಗಳಲ್ಲಿ ತಪ್ಪು, ಕೆಲವು ಸಂದರ್ಭಗಳಲ್ಲಿ ಸರಿ. ಯಾವುದು ಯಾವಾಗ ಎಂಬುದನ್ನು ಮಗುವಿನ ಅಳುವಿನಿಂದ ತಿಳಿಯಲಾಗದು. ತಿಳಿಯಲು ಬೇರೆ ಗುರುತುಗಳಿವೆ. ಅವು ಮನೆಯಲ್ಲೇ ನೋಡಬಹುದಾದಷ್ಟು ಸರಳವಾಗಿವೆ.

ಮೊದಲ ದಿನಗಳಲ್ಲಿ ಬೇಕಾಗುವುದೆಷ್ಟು?

ಹುಟ್ಟಿದ ಮೊದಲ ದಿನ ಮಗುವಿಗೆ ಒಂದು ಸಲಕ್ಕೆ ದೊರೆಯುವ ಹಾಲು 2ರಿಂದ 10 ಮಿಲಿಲೀಟರ್ ಮಾತ್ರ, ಅಂದರೆ ಹೆಚ್ಚೆಂದರೆ ಎರಡು ಸಣ್ಣ ಚಮಚ. ಎರಡನೆಯ ದಿನ ಅದು 5ರಿಂದ 15 ಮಿಲಿಲೀಟರಿಗೂ, ಮೂರನೆಯ ದಿನ 15ರಿಂದ 30 ಮಿಲಿಲೀಟರಿಗೂ, ನಾಲ್ಕನೆಯ ದಿನ 30ರಿಂದ 60 ಮಿಲಿಲೀಟರಿಗೂ ಏರುತ್ತದೆ. ನವಜಾತ ಶಿಶುವಿನ ಜಠರವೂ ಇದಕ್ಕೆ ತಕ್ಕಂತೆ ಚಿಕ್ಕದು. ಆದುದರಿಂದ ಮೊದಲ ದಿನವೇ ಮೊಲೆಯನ್ನು ಹಿಂಡಿ ನೋಡಿ, ನಾಲ್ಕು ಹನಿ ಬಂದಿತೆಂದು ನಿರಾಶೆಗೊಳ್ಳುವುದು ಸರಿಯಲ್ಲ. ಆ ನಾಲ್ಕು ಹನಿಯೇ ಗಿಣ್ಣುಹಾಲು. ಹಳದಿ ಬಣ್ಣದ, ಅಂಟಾದ ಈ ಹಾಲಿನಲ್ಲಿ ರೋಗನಿರೋಧಕ ಅಂಶಗಳು ದಟ್ಟವಾಗಿರುತ್ತವೆ. ಇದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ಪದ್ಧತಿ ಕೆಲವೆಡೆ ಇನ್ನೂ ಇದೆ. ಮಗುವಿಗೆ ದೊರೆಯಬೇಕಾದ ಮೊದಲ ರಕ್ಷಣೆಯನ್ನು ಹೀಗೆ ನೆಲಕ್ಕೆ ಚೆಲ್ಲಿದಂತಾಗುತ್ತದೆ.

ಹೆರಿಗೆಯಾದ ಎರಡರಿಂದ ನಾಲ್ಕು ದಿನಗಳ ಒಳಗೆ ಎದೆ ತುಂಬಿ ಭಾರವಾಗಿ ಹಾಲು ಇಳಿಯುತ್ತದೆ. ಶಸ್ತ್ರಚಿಕಿತ್ಸೆಯ ಮೂಲಕ ಹೆರಿಗೆಯಾದವರಲ್ಲಿ, ಮಧುಮೇಹವುಳ್ಳವರಲ್ಲಿ, ಹೆರಿಗೆಯ ವೇಳೆ ಅಧಿಕ ರಕ್ತಸ್ರಾವವಾದವರಲ್ಲಿ ಹಾಗೂ ಚೊಚ್ಚಲ ಬಾಣಂತಿಯರಲ್ಲಿ ಇದು ಒಂದೆರಡು ದಿನ ತಡವಾಗಬಹುದು. ತೆಲಂಗಾಣದ ಮಟ್ಟಿಗೆ ಈ ಮಾತು ಮುಖ್ಯವಾದುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆ ರಾಜ್ಯದ ಹೆರಿಗೆಗಳಲ್ಲಿ ಶೇಕಡಾ 60.7ರಷ್ಟು ಶಸ್ತ್ರಚಿಕಿತ್ಸೆಯಿಂದ ಆದವು. ದೇಶದಲ್ಲೇ ಇದು ಅತಿ ಹೆಚ್ಚಿನ ಪ್ರಮಾಣ. ಹೊಲಿಗೆಯ ನೋವಿನಿಂದ ಮಲಗಿದ ತಾಯಿಯಿಂದ ಮಗುವನ್ನು ಗಂಟೆಗಟ್ಟಲೆ ದೂರವಿಟ್ಟರೆ ಹಾಲು ಇಳಿಯುವುದು ಇನ್ನಷ್ಟು ತಡವಾಗುತ್ತದೆ. ಬೆನ್ನಿಗೆ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದ್ದರೆ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಪಕ್ಕದಲ್ಲಿ ಯಾರಾದರೂ ನೆರವಾದರೆ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಚ್ಚಲು ಸಾಧ್ಯ. ಹಾಗಿದ್ದೂ ಅದೇ ಸಮೀಕ್ಷೆಯ ಪ್ರಕಾರ ಇಡೀ ದೇಶದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಪಡೆದ ಮಕ್ಕಳು ಶೇಕಡಾ 41.8 ಮಾತ್ರ.

ಈ ದಿನಗಳಲ್ಲಿ ಮಗುವಿನ ತೂಕ ತುಸು ಇಳಿಯುವುದು ಸಹಜ. ಮೂರು ಕಿಲೋಗ್ರಾಂ ತೂಗಿ ಹುಟ್ಟಿದ ಮಗು 200 ಗ್ರಾಂ ಇಳಿದರೆ ಗಾಬರಿಪಡಬೇಕಾಗಿಲ್ಲ. ಇಳಿತ ಹತ್ತನೆಯ ಒಂದು ಪಾಲನ್ನು, ಎಂದರೆ ಇಲ್ಲಿ 300 ಗ್ರಾಂಗಳನ್ನು, ಮುಟ್ಟಿದರೆ ವೈದ್ಯರಿಗೆ ತೋರಿಸಲೇಬೇಕು.

ಹಾಲು ಉತ್ಪತ್ತಿಯಾಗುವ ಬಗೆ

ಎದೆಯು ತುಂಬಿಟ್ಟ ಕೊಡದಂತೆ ಎಂಬ ಕಲ್ಪನೆ ಜನರಲ್ಲಿದೆ. ಕುಡಿದಷ್ಟೂ ಬರಿದಾಗುತ್ತದೆ, ಬರಿದಾದ ಮೇಲೆ ತುಂಬಲು ಬಿಡಬೇಕು ಎಂದು ಕೆಲವರು ತಾಯಿಗೆ ‘ಹಾಲು ಕೂಡಲಿ, ಸ್ವಲ್ಪ ತಡೆದು ಕೊಡು’ ಎಂದು ಸಲಹೆ ಕೊಡುತ್ತಾರೆ. ನಡೆಯುವುದು ಇದಕ್ಕೆ ವಿರುದ್ಧ. ಮಗು ಚೀಪಿದಾಗ ತಾಯಿಯ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ತಯಾರಿಸುತ್ತದೆ. ಆಕ್ಸಿಟೋಸಿನ್ ಆ ಹಾಲನ್ನು ನಾಳಗಳ ಮೂಲಕ ಹೊರಕ್ಕೆ ತಳ್ಳುತ್ತದೆ. ಹೆಚ್ಚು ಸಲ ಚೀಪಿದರೆ ಹೆಚ್ಚು ಹಾಲು. ಎದೆಯಲ್ಲಿ ಹಾಲು ಕಟ್ಟಿ ನಿಂತರೆ ‘ಇನ್ನು ಸಾಕು’ ಎಂಬ ಸೂಚನೆ ಅಲ್ಲಿಯೇ ಹುಟ್ಟಿ ಉತ್ಪತ್ತಿ ತಗ್ಗುತ್ತದೆ. ರಾತ್ರಿಯ ವೇಳೆ ಪ್ರೊಲ್ಯಾಕ್ಟಿನ್ ಹೆಚ್ಚಾಗಿ ಸ್ರವಿಸುವುದರಿಂದ ರಾತ್ರಿ ಹಾಲೂಡುವುದನ್ನು ತಪ್ಪಿಸಬಾರದು. ಆಕ್ಸಿಟೋಸಿನ್ ಮಾತ್ರ ತಾಯಿಯ ಮನಸ್ಸಿಗೆ ತೀರ ಹತ್ತಿರದ ಹಾರ್ಮೋನು. ನೋವು, ಅವಮಾನ, ಆತಂಕಗಳಿಂದ ಅದು ತಾತ್ಕಾಲಿಕವಾಗಿ ತಡೆಗೊಳ್ಳುತ್ತದೆ. ‘ನಿನ್ನಲ್ಲಿ ಹಾಲಿಲ್ಲ’ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಕೇಳುವ ಬಾಣಂತಿಯ ಎದೆಯಿಂದ ಹಾಲು ಸರಾಗವಾಗಿ ಇಳಿಯದಿರುವುದು ಆಶ್ಚರ್ಯವಲ್ಲ.

ಬಡತನದಲ್ಲಿ, ಅರೆಹೊಟ್ಟೆಯಲ್ಲಿ ಇರುವ ತಾಯಿಗೆ ಹಾಲು ಬರುವುದೇ ಎಂಬ ಪ್ರಶ್ನೆಗೂ ಉತ್ತರವುಂಟು. ಆ ಉತ್ತರವನ್ನು ಹುಡುಕಿದ ಸಂಸ್ಥೆಯು ಮಲ್ಕಾಜ್‌ಗಿರಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ತಾರ್ನಾಕದ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಮೂಲತಃ ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಆರಂಭಿಸಿದ ಸಣ್ಣ ಪ್ರಯೋಗಶಾಲೆ. ಅದು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು 1969ರಲ್ಲಿ ಈಗಿನ ಹೆಸರನ್ನು ಪಡೆಯಿತು. ಕೂನೂರಿನಲ್ಲಿ ಡಾ. ಸಿ. ಗೋಪಾಲನ್ ಅವರು 1950ರ ದಶಕದಲ್ಲಿ ಬಡ ತಾಯಂದಿರ ಎದೆಹಾಲಿನ ಪ್ರಮಾಣವನ್ನೂ ಗುಣವನ್ನೂ ಅಳೆದರು. ಸಾಕಷ್ಟು ಆಹಾರವಿಲ್ಲದ ತಾಯಂದಿರೂ ಗಣನೀಯ ಪ್ರಮಾಣದಲ್ಲಿ ಹಾಲೂಡುತ್ತಾರೆ, ಹಾಲಿನಲ್ಲಿರುವ ಪ್ರೋಟೀನಿನ ಮಟ್ಟ ಹೆಚ್ಚೇನೂ ಇಳಿಯುವುದಿಲ್ಲ, ಆದರೆ ಕೆಲವು ವಿಟಮಿನ್‌ಗಳು ತಾಯಿಯ ಆಹಾರವನ್ನು ಅವಲಂಬಿಸಿ ಕಡಿಮೆಯಾಗುತ್ತವೆ ಎಂಬುದು ಇಂತಹ ಅಧ್ಯಯನಗಳಿಂದ ತಿಳಿದುಬಂದಿತು. ತಾಯಿ ತನ್ನ ದೇಹದ ಸಂಗ್ರಹವನ್ನೇ ಕರಗಿಸಿ ಮಗುವಿಗೆ ಕೊಡುತ್ತಾಳೆ ಎಂಬುದು ಇದರ ಅರ್ಥ. ಆದುದರಿಂದಲೇ ಮೊದಲ ಆರು ತಿಂಗಳು ಆಕೆಗೆ ದಿನಕ್ಕೆ ಸುಮಾರು 600 ಕಿಲೊಕ್ಯಾಲೊರಿಗಳಷ್ಟು ಹೆಚ್ಚಿನ ಆಹಾರ ಬೇಕೆಂದು ಸಂಸ್ಥೆ ಶಿಫಾರಸು ಮಾಡಿದೆ. ಮಗುವಿಗೆಂದು ಡಬ್ಬಿಗೆ ಕೊಡುವ ಹಣವನ್ನು ತಾಯಿಯ ತಟ್ಟೆಗೆ ಹಾಕಿದರೆ ಇಬ್ಬರಿಗೂ ಲಾಭ.

ಹೊಟ್ಟೆ ತುಂಬಿದ ಮೇಲೂ ಅಳುವುದೇಕೆ?

ಅಳು ಹಸಿವಿನ ಕೊನೆಯ ಸೂಚನೆ. ತುಟಿ ಚಪ್ಪರಿಸುವುದು, ತಲೆಯನ್ನು ಅತ್ತಿತ್ತ ತಿರುಗಿಸಿ ಹುಡುಕುವುದು, ಕೈ ಬಾಯಿಗೆ ಒಯ್ಯುವುದು ಮೊದಲು ಕಾಣಿಸುತ್ತವೆ. ಇನ್ನು ಹಸಿವಿಲ್ಲದೆಯೂ ಮಗು ಅಳುತ್ತದೆ. ಒದ್ದೆ ಬಟ್ಟೆ, ಹೊಟ್ಟೆಯಲ್ಲಿ ಸಿಕ್ಕ ಗಾಳಿ, ಸೆಕೆ, ಹೆಚ್ಚಿದ ಗದ್ದಲ, ಒಂಟಿಯಾಗಿ ಮಲಗಿಸಿದ್ದು, ಇವೆಲ್ಲ ಕಾರಣಗಳೇ. ಒಂಬತ್ತು ತಿಂಗಳು ಗರ್ಭದಲ್ಲಿ ಮೈಗೆ ಮೈ ತಾಗಿ ಬೆಳೆದ ಜೀವಕ್ಕೆ ಹಾಸಿಗೆಯ ತಣ್ಣನೆಯ ಬಟ್ಟೆ ಅಪರಿಚಿತ. ಎತ್ತಿಕೊಂಡೊಡನೆ ಅಳು ನಿಂತರೆ ಅದು ಹಾಲಿಗಾಗಿ ಅತ್ತದ್ದಲ್ಲ ಎಂದು ತಿಳಿಯಬಹುದು.

ಸಂಜೆಯ ಹೊತ್ತಿಗೆ ಅನೇಕ ಮಕ್ಕಳು ಎರಡು ಮೂರು ಗಂಟೆಗಳ ಕಾಲ ಬಿಟ್ಟೂ ಬಿಡದೆ ಮೊಲೆ ಕೇಳುತ್ತವೆ. ಎರಡು ಮೂರನೆಯ ವಾರದಲ್ಲಿಯೂ ಆರನೆಯ ವಾರದ ಸುಮಾರಿಗೂ ಈ ಹಠ ಒಂದೆರಡು ದಿನ ಹೆಚ್ಚುತ್ತದೆ. ಹೀಗೆ ಪದೇ ಪದೇ ಚೀಪುವುದರಿಂದ ತಾಯಿಯ ಹಾಲೂ ಹೆಚ್ಚುತ್ತದೆ. ಸರಿಯಾಗಿ ಇದೇ ಆರನೆಯ ವಾರದ ಹೊತ್ತಿಗೆ ತಾಯಿಯ ಎದೆಯ ಬಿಗಿತ ಇಳಿದು ಮೆತ್ತಗಾಗುತ್ತದೆ, ಹಾಲು ತಾನಾಗಿ ಸೋರುವುದು ನಿಲ್ಲುತ್ತದೆ. ಇದು ಉತ್ಪತ್ತಿಯು ಮಗುವಿನ ಬೇಡಿಕೆಗೆ ಹೊಂದಿಕೊಂಡಿತೆಂಬುದರ ಲಕ್ಷಣ. ಆದರೆ ಅಳುವ ಮಗು ಒಂದೆಡೆ, ಮೆತ್ತಗಾದ ಎದೆ ಇನ್ನೊಂದೆಡೆ, ಎರಡೂ ಒಟ್ಟಿಗೆ ಕಂಡಾಗ ಹಾಲು ಬತ್ತಿತೆಂದು ತಪ್ಪು ತಿಳಿಯುವವರೇ ಬಹಳ.

ಬಾಟಲಿಯ ಸಾಕ್ಷ್ಯವನ್ನೂ ನಂಬಲಾಗದು. ಬಾಯಿಗೆ ತಾಗಿದ್ದನ್ನು ಚೀಪುವುದು ನವಜಾತ ಶಿಶುವಿನ ಹುಟ್ಟುಗುಣ. ರಬ್ಬರ್ ತೊಟ್ಟಿನಿಂದ ಹಾಲು ತಡೆಯಿಲ್ಲದೆ ಸುರಿಯುವುದರಿಂದ, ಹೊಟ್ಟೆ ತುಂಬಿದ ಮಗುವೂ ಅದನ್ನು ನುಂಗುತ್ತದೆ. ಪುಡಿಹಾಲು ಎದೆಹಾಲಿಗಿಂತ ನಿಧಾನವಾಗಿ ಜೀರ್ಣವಾಗುವುದರಿಂದ ನಿದ್ರೆಯೂ ದೀರ್ಘವಾಗುತ್ತದೆ. ಆ ಮೂರು ಗಂಟೆಗಳಲ್ಲಿ ಮಗು ಮೊಲೆ ಚೀಪದೆ ಹೋದುದರಿಂದ ಎದೆಯಲ್ಲಿ ಹಾಲು ನಿಂತು, ಮರುದಿನದ ಉತ್ಪತ್ತಿ ಅಷ್ಟು ಕಡಿಮೆಯಾಗುತ್ತದೆ. ಮರುದಿನ ಮಗು ಇನ್ನೂ ಹೆಚ್ಚು ಅಳುತ್ತದೆ, ಇನ್ನೊಂದು ಬಾಟಲಿ ಸೇರುತ್ತದೆ. ಇಲ್ಲದಿದ್ದ ಕೊರತೆಯು ಹೀಗೆ ಹತ್ತು ಹದಿನೈದು ದಿನಗಳಲ್ಲಿ ನಿಜವಾದ ಕೊರತೆಯಾಗುತ್ತದೆ.

ಮೊಲೆ ಹಿಡಿಯುವ ರೀತಿ

ಹಾಲಿದ್ದೂ ಮಗುವಿಗೆ ಸಿಗದಿರುವ ಸಂದರ್ಭಗಳಲ್ಲಿ ಮೊದಲು ಪರೀಕ್ಷಿಸಬೇಕಾದುದು ಮಗು ಮೊಲೆಯನ್ನು ಹಿಡಿದಿರುವ ರೀತಿ. ಬಹಳ ಮಕ್ಕಳು ತೊಟ್ಟನ್ನು ಮಾತ್ರ ಬಾಯಲ್ಲಿಟ್ಟು ಚೀಪುತ್ತವೆ. ಹಾಲು ತೊಟ್ಟಿನಲ್ಲಿಲ್ಲ. ತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನು ಬಾಯಿತುಂಬ ತೆಗೆದುಕೊಂಡು ನಾಲಗೆಯಿಂದ ಒತ್ತಿದಾಗಲೇ ಅದು ಹರಿಯುತ್ತದೆ. ತೊಟ್ಟನ್ನಷ್ಟೇ ಚೀಪಿದರೆ ತಾಯಿಗೆ ನೋವು, ತೊಟ್ಟು ಸೀಳುತ್ತದೆ, ಮಗು ಒಂದು ಗಂಟೆ ಚೀಪಿದರೂ ಹಸಿದೇ ಇರುತ್ತದೆ.

ಮಗುವಿನ ಬಾಯಿ ಅಗಲವಾಗಿ ತೆರೆದಿರಬೇಕು. ಗಲ್ಲ ತಾಯಿಯ ಎದೆಗೆ ತಾಗಿರಬೇಕು. ಕೆಳತುಟಿ ಹೊರಕ್ಕೆ ಮಡಿಚಿರಬೇಕು. ಕಪ್ಪು ಭಾಗ ಮೇಲ್ದುಟಿಯ ಮೇಲೆ ಹೆಚ್ಚು, ಕೆಳದುಟಿಯ ಕೆಳಗೆ ಕಡಿಮೆ ಕಾಣಬೇಕು. ಮಗುವಿನ ತಲೆ, ಬೆನ್ನು, ನಿತಂಬ ಒಂದೇ ನೇರದಲ್ಲಿದ್ದು ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಬೇಕು. ಕತ್ತು ಹೊರಳಿಸಿಕೊಂಡು ಮಗು ನುಂಗಲಾರದು. ತಾಯಿ ಮುಂದಕ್ಕೆ ಬಾಗಿ ಮೊಲೆಯನ್ನು ಮಗುವಿನತ್ತ ಒಯ್ಯುವ ಬದಲು, ಬೆನ್ನಿಗೆ ದಿಂಬಿಟ್ಟು ಒರಗಿ ಕುಳಿತು ಮಗುವನ್ನು ತನ್ನತ್ತ ತರಬೇಕು. ಹೊಲಿಗೆಯಿರುವವರು ಮಗ್ಗುಲಾಗಿ ಮಲಗಿ ಕುಡಿಸಬಹುದು. ನೋವಾದರೆ ಕಿರುಬೆರಳನ್ನು ಮಗುವಿನ ಬಾಯಿಯ ಅಂಚಿನಲ್ಲಿ ತೂರಿಸಿ ಬಿಡಿಸಿ ಮತ್ತೆ ಹಿಡಿಸಬೇಕು. ಸಹಿಸಿಕೊಂಡು ಕೂರಬಾರದು.

ಹಿಡಿತ ಸರಿಯಾಗಿದ್ದರೆ ಮೊದಲು ಚುರುಕಾಗಿ ಚೀಪುವ ಮಗು, ಹಾಲು ಇಳಿದ ಮೇಲೆ ನಿಧಾನವಾಗಿ, ಆಳವಾಗಿ ಚೀಪತೊಡಗುತ್ತದೆ. ನುಂಗುವ ಮೆಲುದನಿಯೂ ಕೇಳಿಸುತ್ತದೆ. ಒಂದು ಮೊಲೆಯನ್ನು ಮಗು ತಾನಾಗಿ ಬಿಡುವವರೆಗೆ ಕುಡಿಸಿ ಆನಂತರ ಇನ್ನೊಂದನ್ನು ಕೊಡಬೇಕು. ಮೊದಲು ಬರುವ ಹಾಲು ತೆಳು, ಕೊನೆಯಲ್ಲಿ ಬರುವುದು ಕೊಬ್ಬಿನಿಂದ ಕೂಡಿ ಗಟ್ಟಿ. ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ ಮೊಲೆ ಬದಲಿಸಿದರೆ ಮಗುವಿಗೆ ತೆಳುಹಾಲೇ ಹೆಚ್ಚು ಸಿಕ್ಕಿ ಬೇಗ ಹಸಿವಾಗುತ್ತದೆ. ದಿನ ಮತ್ತು ರಾತ್ರಿ ಸೇರಿ 8ರಿಂದ 12 ಬಾರಿ ಕುಡಿಸುವುದು ಈ ವಯಸ್ಸಿಗೆ ಸಾಮಾನ್ಯ.

ಮೂತ್ರ, ಮಲ ಮತ್ತು ತೂಕ

ಹಾಲು ಸಾಲುತ್ತಿದೆಯೇ ಎಂಬುದಕ್ಕೆ ಮನೆಯವರು ನೋಡಬೇಕಾದುದು ಮಗುವಿನ ಬಟ್ಟೆಯನ್ನು. ಮೊದಲ ದಿನ ಒಂದು, ಎರಡನೆಯ ದಿನ ಎರಡು ಎಂಬಂತೆ ಮೂತ್ರದ ಸಂಖ್ಯೆ ಏರಿ, ಐದನೆಯ ದಿನದಿಂದ 24 ಗಂಟೆಗಳಲ್ಲಿ ಆರು ಅಥವಾ ಅದಕ್ಕೂ ಹೆಚ್ಚು ಬಾರಿ ಮಗು ತಿಳಿಯಾದ ಮೂತ್ರ ವಿಸರ್ಜಿಸಬೇಕು. ಮೊದಲು ಕಪ್ಪಾಗಿ ಅಂಟಂಟಾಗಿರುವ ಮಲವು ಹಸಿರು ಬಣ್ಣಕ್ಕೆ ತಿರುಗಿ, ಐದನೆಯ ದಿನದ ಹೊತ್ತಿಗೆ ಹಳದಿಯಾಗಬೇಕು. ಈಗ ಬಳಕೆಗೆ ಬಂದಿರುವ, ಒಮ್ಮೆ ಉಪಯೋಗಿಸಿ ಎಸೆಯುವ ಡೈಪರ್‌ಗಳಲ್ಲಿ ಮೂತ್ರ ಹೀರಿಹೋಗಿ ಲೆಕ್ಕ ಸಿಗುವುದಿಲ್ಲ. ಮೊದಲ ಎರಡು ವಾರ ಹಳೆಯ ಹತ್ತಿ ಬಟ್ಟೆಯ ಲಂಗೋಟಿಯೇ ಮೇಲು.

ಎರಡನೆಯ ಸಾಕ್ಷಿ ತೂಕ. ಹತ್ತರಿಂದ ಹದಿನಾಲ್ಕು ದಿನಗಳೊಳಗೆ ಮಗು ಹುಟ್ಟುತೂಕಕ್ಕೆ ಮರಳಬೇಕು. ಆನಂತರ ಮೊದಲ ಮೂರು ತಿಂಗಳು ದಿನಕ್ಕೆ 25ರಿಂದ 30 ಗ್ರಾಂ ಏರಬೇಕು. ಇವೆರಡೂ ಸರಿಯಾಗಿದ್ದರೆ, ಮಗು ಎಷ್ಟೇ ಅಳಲಿ, ಹಾಲು ಸಾಲುತ್ತಿದೆ.

ನಿಜವಾಗಿ ಸಾಲದಿದ್ದಾಗ

ಎಲ್ಲ ತಾಯಂದಿರಿಗೂ ಹಾಲು ಸಾಕಾಗುತ್ತದೆ ಎಂದು ಸಾರುವುದು ಸತ್ಯಕ್ಕೆ ದೂರ. ಅಂತಹ ಪ್ರಚಾರದಿಂದ ಅಪಾಯವೂ ಉಂಟು. ಥೈರಾಯ್ಡ್ ಗ್ರಂಥಿಯ ತೊಂದರೆ, ಹೆರಿಗೆಯಲ್ಲಿ ತೀವ್ರ ರಕ್ತಸ್ರಾವ, ಗರ್ಭಕೋಶದಲ್ಲಿ ಉಳಿದ ಮಾಸಿನ ಚೂರು, ಹಿಂದೆ ಆದ ಸ್ತನ ಶಸ್ತ್ರಚಿಕಿತ್ಸೆ ಮುಂತಾದ ಕಾರಣಗಳಿಂದ ಕೆಲವರಲ್ಲಿ ಹಾಲು ನಿಜಕ್ಕೂ ಕಡಿಮೆಯಾಗುತ್ತದೆ. ಮಗುವಿನ ಕಡೆಯಿಂದಲೂ ಅಡ್ಡಿಗಳಿರಬಹುದು. ಅವಧಿಗೆ ಎರಡು ಮೂರು ವಾರ ಮೊದಲೇ ಹುಟ್ಟಿದ ಮಗು ನೋಡಲು ಪೂರ್ಣ ಬೆಳೆದಂತಿದ್ದರೂ ಬಲವಾಗಿ ಚೀಪಲಾರದು. ಕಾಮಾಲೆಯಿಂದ ಮಂಕಾದ ಮಗು ಎರಡು ಗುಟುಕಿಗೇ ನಿದ್ರೆಹೋಗುತ್ತದೆ. ನಾಲಗೆಯ ಕೆಳಗಿನ ಪೊರೆ ಗಿಡ್ಡವಾಗಿದ್ದರೆ ಹಿಡಿತ ಜಾರುತ್ತದೆ.

ಅಳುವ ಮಗುವಿಗಿಂತ ಅಳದೆ ನಿದ್ರಿಸುತ್ತಲೇ ಇರುವ ಮಗುವನ್ನು ಕುರಿತು ಹೆಚ್ಚು ಎಚ್ಚರ ಬೇಕು. ‘ಒಳ್ಳೆಯ ಕೂಸು, ಎಬ್ಬಿಸಿದರೂ ಏಳದು’ ಎಂದು ಸಂತೋಷಪಡುವ ಮನೆಯಲ್ಲಿ ಮಗು ಹಾಲಿಲ್ಲದೆ ನಿತ್ರಾಣವಾಗಿರಬಹುದು. ಬೇಸಿಗೆಯಲ್ಲಿ ಹೈದರಾಬಾದಿನ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಆಗ ಹಾಲು ಸಾಲದ ಮಗುವಿನ ದೇಹದಲ್ಲಿ ನೀರಿನ ಅಂಶ ತಗ್ಗಿ, ರಕ್ತದಲ್ಲಿ ಉಪ್ಪಿನ ಅಂಶ ಏರಿ ಜ್ವರ ಕಾಣಿಸುತ್ತದೆ. ಇದು ಪ್ರಾಣಾಪಾಯದ ಸ್ಥಿತಿ. ನಾಲ್ಕನೆಯ ದಿನದ ನಂತರವೂ ಮೂತ್ರ ಮೂರು ನಾಲ್ಕು ಸಲಕ್ಕೆ ನಿಂತಿದ್ದರೆ, ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯಂತಹ ಕೆಂಪು ಕಲೆ ಬಿದ್ದರೆ, ಮಲ ಇನ್ನೂ ಕಪ್ಪಾಗಿದ್ದರೆ, ಬಾಯಿ ಒಣಗಿದ್ದರೆ, ನೆತ್ತಿ ಗುಳಿಬಿದ್ದಿದ್ದರೆ, ಮೈ ಬಿಸಿ ಅಥವಾ ತಣ್ಣಗಾಗಿದ್ದರೆ, ಹಳದಿ ಬಣ್ಣ ಅಂಗೈ ಅಂಗಾಲುಗಳಿಗೆ ಇಳಿದಿದ್ದರೆ, ಎಬ್ಬಿಸಿದರೂ ಮೊಲೆ ಹಿಡಿಯದಿದ್ದರೆ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಒಯ್ಯಬೇಕು. ಬೆಳಗಾಗಲಿ ಎಂದು ಕಾಯುವಂತಿಲ್ಲ.

ಅಷ್ಟು ತುರ್ತಿಲ್ಲದ, ಆದರೆ ತೂಕ ನಿಧಾನವಾಗಿ ಏರುತ್ತಿರುವ ಮಕ್ಕಳಲ್ಲಿ ಕ್ರಮ ಹೀಗಿರುತ್ತದೆ. ಹಗಲು ರಾತ್ರಿಯೆನ್ನದೆ ಎರಡು ಗಂಟೆಗೊಮ್ಮೆ ಮಗುವನ್ನು ಎಬ್ಬಿಸಿ ಕುಡಿಸಬೇಕು. ನಿದ್ರೆಗೆ ಜಾರಿದರೆ ಮೇಲಿನ ಬಟ್ಟೆ ಸಡಿಲಿಸಿ, ಅಂಗಾಲು ಸವರಿ, ಎದೆಯನ್ನು ಮೃದುವಾಗಿ ಒತ್ತುತ್ತಾ ಹಾಲು ಬಾಯಿಗೆ ಬರುವಂತೆ ಮಾಡಬೇಕು. ಕುಡಿಸಿದ ಮೇಲೆ ಉಳಿದ ಹಾಲನ್ನು ಕೈಯಿಂದ ಶುದ್ಧವಾದ ಬಟ್ಟಲಿಗೆ ಹಿಂಡಿ ಒಳಲೆಯಿಂದ ಅಥವಾ ಸಣ್ಣ ಚಮಚದಿಂದ ಮಗುವಿಗೆ ಕೊಡಬೇಕು. ಅಜ್ಜಿಯರ ಪೆಟ್ಟಿಗೆಯಲ್ಲಿ ಮರೆತುಹೋದ ಒಳಲೆಯೇ ಇಂದು ಅನೇಕ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಬಳಕೆಯಲ್ಲಿದೆ. ಬಾಟಲಿಯಂತಲ್ಲದೆ ಅದನ್ನು ಕುದಿಸಿ ತೊಳೆಯುವುದು ಸುಲಭ, ಮಗುವಿನ ಚೀಪುವ ಅಭ್ಯಾಸವೂ ಕೆಡದು. ಹಿಂಡಿದ ಹಾಲನ್ನು ಮುಚ್ಚಿಟ್ಟು ನಾಲ್ಕು ಗಂಟೆಯೊಳಗೆ, ಕಡುಬೇಸಿಗೆಯಲ್ಲಿ ಅದಕ್ಕೂ ಮೊದಲೇ, ಉಪಯೋಗಿಸಬೇಕು.

ಇಷ್ಟಾದ ಮೇಲೂ ತೂಕ ಏರದಿದ್ದಲ್ಲಿ ವೈದ್ಯರು ಪುಡಿಹಾಲನ್ನು ಸೂಚಿಸಬಹುದು. ಆಗ ಅದನ್ನು ಕೊಡುವುದರಲ್ಲಿ ತಾಯಿಗೆ ನಾಚಿಕೆಯೂ ಬೇಡ, ಅಪರಾಧಭಾವವೂ ಬೇಡ. ಎಚ್ಚರವಿರಬೇಕಾದುದು ತಯಾರಿಯಲ್ಲಿ. ಡಬ್ಬಿ ಬೇಗ ಮುಗಿಯಬಾರದೆಂದು ನೀರು ಹೆಚ್ಚಿಸಿದರೆ ಮಗು ಹೊಟ್ಟೆ ತುಂಬಿದಂತೆ ಕಂಡೂ ಸೊರಗುತ್ತದೆ. ಕುದಿಸದ ನೀರನ್ನು ಬೆರೆಸಿದರೆ ಭೇದಿ ಬರುತ್ತದೆ. ಹಸು, ಎಮ್ಮೆಗಳ ಹಾಲು ಈ ವಯಸ್ಸಿಗೆ ಹೊಂದುವುದಿಲ್ಲ. ಪುಡಿಹಾಲು ಕೊಡುವ ದಿನಗಳಲ್ಲೂ ಪ್ರತಿ ಸಲ ಮೊದಲು ಎದೆಗೆ ಹಚ್ಚಿ, ಆಮೇಲೆ ಒಳಲೆ ಹಿಡಿಯಬೇಕು. ಎದೆಹಾಲು ಹೆಚ್ಚಿದಂತೆ ದಿನದ ಒಟ್ಟು ಮೇಲುಹಾಲಿನಿಂದ ಸುಮಾರು 50 ಮಿಲಿಲೀಟರನ್ನು ಕೆಲವು ದಿನಗಳಿಗೊಮ್ಮೆ ಕಡಿಮೆ ಮಾಡುತ್ತಾ, ತೂಕ ನೋಡುತ್ತಾ ಹೋದರೆ ಅನೇಕರು ಪೂರ್ಣವಾಗಿ ಎದೆಹಾಲಿಗೆ ಮರಳುತ್ತಾರೆ. ಇದಕ್ಕೆ ವಾರಗಳೇ ಬೇಕಾಗಬಹುದು.

ಕೊಡಬಾರದ ವಸ್ತುಗಳು, ಬಾಣಂತಿಯ ಪಥ್ಯ

ಅಳು ನಿಲ್ಲಿಸಲೆಂದು ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ, ತೇಯ್ದ ಬಜೆ, ಗ್ರೈಪ್ ವಾಟರ್ ಮುಂತಾದವನ್ನು ನೆಕ್ಕಿಸುವುದುಂಟು. ಹೈದರಾಬಾದಿನ ಬೀದಿಗಳಲ್ಲಿ ಕತ್ತೆಯನ್ನು ಮನೆಬಾಗಿಲಿಗೇ ತಂದು ಹಾಲು ಕರೆದುಕೊಡುವವರೂ ಇದ್ದಾರೆ. ಕೆಮ್ಮು, ಉಬ್ಬಸ ಬಾರದೆಂಬ ನಂಬಿಕೆಯಿಂದ ಅದನ್ನು ಹಸಿಯಾಗಿಯೇ ಕುಡಿಸುತ್ತಾರೆ. ಕುದಿಸದ ಯಾವ ಪ್ರಾಣಿಯ ಹಾಲೂ ಸೋಂಕಿನ ದಾರಿ. ಜೇನುತುಪ್ಪದಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಒಂದು ವರ್ಷದೊಳಗಿನ ಮಕ್ಕಳ ಸ್ನಾಯುಗಳನ್ನು ನಿಷ್ಕ್ರಿಯಗೊಳಿಸುವ ಕಾಯಿಲೆಯನ್ನು ತರಬಲ್ಲದು. ನೀರೂ ಬೇಕಿಲ್ಲ. ಎದೆಹಾಲಿನ ಸುಮಾರು ಶೇಕಡಾ 88 ಭಾಗ ನೀರೇ ಆಗಿದ್ದು, ಮೇ ತಿಂಗಳ ಬಿಸಿಲಲ್ಲೂ ಅದೇ ಸಾಕು. ನೀರು ಕುಡಿದ ಮಗುವಿನ ಹೊಟ್ಟೆಯಲ್ಲಿ ಹಾಲಿಗೆ ಅಷ್ಟು ಜಾಗ ಕಡಿಮೆ. ವೈದ್ಯರು ಬರೆದುಕೊಟ್ಟ ಔಷಧ ಹಾಗೂ ವಿಟಮಿನ್ ಹನಿಗಳನ್ನು ಬಿಟ್ಟು ಆರು ತಿಂಗಳು ತುಂಬುವವರೆಗೆ ಬೇರೇನನ್ನೂ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಸಲಹೆ ನೀಡುತ್ತಾ ಬಂದಿದೆ.

ಬಾಣಂತಿಯ ಪಥ್ಯದಲ್ಲಿ ಒಳ್ಳೆಯದೂ ಇದೆ, ಕೆಟ್ಟದೂ ಇದೆ. ಸಬ್ಬಸಿಗೆ ಸೊಪ್ಪಿನ ಪಲ್ಯ, ಮೆಂತ್ಯ, ಬೆಳ್ಳುಳ್ಳಿ, ಅಳವಿ ಉಂಡೆ, ಅಂಟಿನ ಉಂಡೆಗಳನ್ನು ಉತ್ತರ ಕರ್ನಾಟಕದ ಮನೆಗಳಲ್ಲಿ ಹಾಲು ಹೆಚ್ಚಲೆಂದು ಕೊಡುತ್ತಾರೆ. ಇವು ಪುಷ್ಟಿಕರ, ಕೊಡಲಿ. ಆದರೆ ಮಗು ಚೀಪದೆ ಉಂಡೆಯೊಂದರಿಂದಲೇ ಹಾಲು ಹೆಚ್ಚದು. ನಂಜಾಗುತ್ತದೆಂದು ಬಾಣಂತಿಗೆ ನೀರು ಅಳೆದು ಕೊಡುವ, ಹಣ್ಣು ತರಕಾರಿ ಬಿಡಿಸುವ ಕಟ್ಟುಪಾಡನ್ನು ಮಾತ್ರ ಕೈಬಿಡಬೇಕು. ಬಾಯಾರಿದಷ್ಟೂ ಆಕೆ ನೀರು ಕುಡಿಯಬೇಕು. ಹಗಲಿನಲ್ಲಿ ಮಗು ನಿದ್ರಿಸಿದಾಗ ಆಕೆಯೂ ನಿದ್ರಿಸುವಂತೆ ಮನೆಗೆಲಸವನ್ನು ಇತರರು, ಗಂಡಸರೂ ಸೇರಿದಂತೆ, ವಹಿಸಿಕೊಳ್ಳಬೇಕು. ಎರಡು ವಾರ ಕಳೆದರೂ ತಾಯಿ ಕಾರಣವಿಲ್ಲದೆ ಅಳುತ್ತಿದ್ದರೆ, ಮಗುವಿನ ಬಗ್ಗೆ ಆಸಕ್ತಿಯೇ ತೋರದಿದ್ದರೆ ಆಕೆಗೂ ವೈದ್ಯಕೀಯ ನೆರವು ಅಗತ್ಯ.

ಕಾನೂನು ಮತ್ತು ಸೌಲಭ್ಯಗಳು

ಪುಡಿಹಾಲಿನ ಅನಿಯಂತ್ರಿತ ಪ್ರಚಾರವನ್ನು ತಡೆಯಲು ವಿಶ್ವ ಆರೋಗ್ಯ ಸಭೆಯು 1981ರಲ್ಲಿ ಅಂತರರಾಷ್ಟ್ರೀಯ ಸಂಹಿತೆಯೊಂದನ್ನು ಅಂಗೀಕರಿಸಿತು. ಅದನ್ನನುಸರಿಸಿ ಭಾರತದ ಸಂಸತ್ತು 1992ರಲ್ಲಿ ಶಿಶು ಹಾಲು ಬದಲಿಗಳು, ಹಾಲೂಡುವ ಬಾಟಲಿಗಳು ಮತ್ತು ಶಿಶು ಆಹಾರಗಳ ನಿಯಂತ್ರಣ ಕಾಯಿದೆಯನ್ನು ಮಾಡಿತು. 1993ರ ಆಗಸ್ಟ್ 1ರಂದು ಜಾರಿಗೆ ಬಂದ ಈ ಕಾಯಿದೆಯನ್ನು 2003ರ ತಿದ್ದುಪಡಿ ಇನ್ನಷ್ಟು ಬಿಗಿಗೊಳಿಸಿತು. ಎರಡು ವರ್ಷದೊಳಗಿನ ಮಕ್ಕಳ ಇಂತಹ ಉತ್ಪನ್ನಗಳನ್ನು ಜಾಹೀರಾತು ಮಾಡುವಂತಿಲ್ಲ. ತಾಯಂದಿರಿಗೆ ಉಚಿತ ಮಾದರಿಗಳನ್ನು ಹಂಚುವಂತಿಲ್ಲ. ಆಸ್ಪತ್ರೆಯ ಸಿಬ್ಬಂದಿಗೆ ಉಡುಗೊರೆ ಕೊಡುವಂತಿಲ್ಲ. ಹೆರಿಗೆ ಕೋಣೆಯಲ್ಲಿ ಯಾರಾದರೂ ಉಚಿತ ಡಬ್ಬಿಯನ್ನು ಕೈಗಿತ್ತರೆ ಅದು ಕಾನೂನಿಗೆ ವಿರುದ್ಧ ಎಂದು ಕುಟುಂಬದವರು ತಿಳಿದಿರಬೇಕು.

ಬೇಕಾದುದು ಡಬ್ಬಿಯಲ್ಲ, ಮೊಲೆ ಹಿಡಿಸುವುದನ್ನು ಪಕ್ಕದಲ್ಲಿ ಕುಳಿತು ತೋರಿಸುವ ಒಬ್ಬ ಅನುಭವಸ್ಥೆ. 2011ರಲ್ಲಿ ಆರಂಭವಾದ ಗೃಹಾಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆಯು ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಭೇಟಿ ನೀಡಬೇಕೆಂದು ನಿಗದಿಯಾಗಿದೆ. ಶಸ್ತ್ರಚಿಕಿತ್ಸೆಯಾದವರಿಗೆ ಮನೆಗೆ ಮರಳಿದ ಮೇಲೆ ಈ ಭೇಟಿಗಳು ಆರಂಭವಾಗುತ್ತವೆ. ಎದೆಹಾಲೂಡಿಕೆಗೆ ಉತ್ತೇಜನ ನೀಡಲು ಕೇಂದ್ರ ಸರ್ಕಾರವು 2016ರ ಆಗಸ್ಟ್‌ನಲ್ಲಿ ‘ಮಾ’ ಕಾರ್ಯಕ್ರಮವನ್ನು ಆರಂಭಿಸಿತು. ಹೈದರಾಬಾದಿನ ಬಡಾವಣೆಗಳಲ್ಲಿ 2018ರಿಂದ ಬಸ್ತಿ ದವಾಖಾನೆಗಳು ತೆರೆದಿವೆ. ಅವಧಿಗೆ ಮುನ್ನ ಹುಟ್ಟಿ ಆಸ್ಪತ್ರೆಯಲ್ಲಿರುವ, ತಾಯಿಯ ಹಾಲು ದೊರೆಯದ ಮಕ್ಕಳಿಗಾಗಿ ನಗರದ ನಿಲೋಫರ್ ಆಸ್ಪತ್ರೆಯಲ್ಲಿ 2017ರಲ್ಲಿ ತಾಯಿಹಾಲಿನ ಬ್ಯಾಂಕು ಸ್ಥಾಪನೆಯಾಯಿತು. ಹಾಲು ಹೆಚ್ಚಾಗಿರುವ ತಾಯಂದಿರು ಇಂತಹ ಬ್ಯಾಂಕುಗಳಿಗೆ ದಾನ ಮಾಡಬಹುದು.

ಊರಿನಿಂದ ಬಂದು ಭಾಷೆ ಬಾರದ ನಗರದಲ್ಲಿ ನೆಲೆಸಿದವರು ಇಂತಹ ಕೇಂದ್ರಗಳಿಗೆ ಹೋಗಲು ಹಿಂಜರಿಯುವುದು ಸಹಜ. ಬಾಣಂತನಕ್ಕೆ ಬಂದ ತಾಯಿಗೆ ತೆಲುಗು ಬಾರದಿದ್ದರೆ ನೆರೆಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಮಗುವನ್ನು ಪ್ರತಿ ಸಲವೂ ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ, ತೂಗಿಸಬೇಕು. ಬೇರೆ ಬೇರೆ ತಕ್ಕಡಿಗಳ ನಡುವೆ ನೂರು ಗ್ರಾಂ ವ್ಯತ್ಯಾಸ ಬರುವುದು ಅಪರೂಪವೇನಲ್ಲ. ತೂಕವನ್ನು ತಾಯಿ ಮತ್ತು ಮಗುವಿನ ರಕ್ಷಣಾ ಕಾರ್ಡಿನಲ್ಲಿ ದಿನಾಂಕದೊಡನೆ ಬರೆಸಿಕೊಳ್ಳಬೇಕು. ಉದಾಹರಣೆಗೆ, ಮೂರು ಕಿಲೋಗ್ರಾಂ ತೂಗಿ ಹುಟ್ಟಿದ ಮಗು ನಾಲ್ಕನೆಯ ದಿನ 2 ಕಿಲೋ 800 ಗ್ರಾಂ, ಹದಿನಾಲ್ಕನೆಯ ದಿನ ಮತ್ತೆ ಮೂರು ಕಿಲೋ, ಇಪ್ಪತ್ತೆಂಟನೆಯ ದಿನ 3 ಕಿಲೋ 400 ಗ್ರಾಂ ತೂಗಿದರೆ, ಆ ಮನೆಯಲ್ಲಿ ರಾತ್ರಿ ಎಷ್ಟೇ ಅಳು ಕೇಳಿಸಿದ್ದರೂ ಡಬ್ಬಿಯನ್ನು ಅಂಗಡಿಯಲ್ಲೇ ಬಿಡಬಹುದು.